ಅಕ್ಕ ಅತ್ತ ಜಾಗ

ನಮ್ಮಿಬ್ಬರ ಮೊದಲ ಜಗಳ ಎರಡು ಸೆಕೆಂಡಿನ ಬಗ್ಗೆ.

ನಾನು ಸಿನಿಮಾ ಎಡಿಟರ್. ಅವನು ಆ ಸಿನಿಮಾದ ಕಥೆ ಬರೆದವನು. ಬರೆದವರನ್ನು ಎಡಿಟಿಂಗ್ ರೂಮಿಗೆ ಸೇರಿಸಬೇಡ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ಇವನು ಬಾಗಿಲು ಕೂಡ ತಟ್ಟದೆ ಬಂದು ನನ್ನ ಕುರ್ಚಿಯ ಹಿಂದೆ ನಿಂತ.

"ಮೇಡಂ, ಅವಳು ಕಿಟಕಿ ಕಡೆ ನೋಡ್ತಾಳಲ್ಲ, ಅದೆಲ್ಲಿ ಹೋಯ್ತು?"

"ತೆಗೆದೆ."

"ಅಯ್ಯೋ! ಅದು ಹೊಳೆಯೋಕೆ ನನಗೆ ಮೂರು ವಾರ ಹಿಡೀತು."

"ತೆಗೆಯೋಕೆ ನನಗೆ ಒಂದು ಬಟನ್ ಸಾಕಾಯ್ತು."

ತಿರುಗಿ ನೋಡಿದೆ. ಸಿಟ್ಟಿಗೆ ಅವನ ಕಿವಿ ಕೆಂಪಾಗಿತ್ತು. ತುಟಿಯ ಒಂದು ಮೂಲೆ ಮಾತ್ರ ನಗು ತಡೆಯಲಾರದೆ ಒದ್ದಾಡುತ್ತಿತ್ತು. ನಾನು ಆ ಮೂಲೆಯನ್ನೇ ನೋಡುತ್ತಿದ್ದೇನೆಂದು ಅವನಿಗೆ ಗೊತ್ತಾಗಿ, ಕೈಯಿಂದ ಬಾಯಿ ಮುಚ್ಚಿಕೊಂಡ. ಮಾರನೆಯ ದಿನವೂ ಬಂದ. ಅದರ ಮಾರನೆಯ ದಿನವೂ. ನನಗೆ 'ಕತ್ತರಿ' ಎಂದು ಹೆಸರಿಟ್ಟ. ಹದಿನೈದು ದಿನದಲ್ಲಿ 'ಮೇಡಂ, ನೀವು' ಹೋಗಿ 'ನೀನು' ಬಂತು.

ಆಗ ಅಕ್ಕ ನನ್ನ ಮನೆಯಲ್ಲಿದ್ದಳು.

"ನಿಮ್ಮಕ್ಕ ಯಾಕೆ ಇಷ್ಟು ಸಪ್ಪಗಿರ್ತಾರೆ?" ಎಂದು ಅವನು ಕೇಳಿದ್ದ. "ಹುಷಾರಿಲ್ಲ, ರೆಸ್ಟಿಗೆ ಅಂತ ಬಂದಿದಾಳೆ" ಎಂದಿದ್ದೆ. ಭಾವ ಹೊಡೆಯುತ್ತಾನೆ, ಈ ಸಲ ಪಕ್ಕೆಲುಬು ಮುರಿದಿದ್ದಾನೆ ಎಂಬುದು ಮನೆಯ ನಾಲ್ಕು ಗೋಡೆ ದಾಟಬಾರದು ಎಂದು ಅಮ್ಮನ ಕಟ್ಟಪ್ಪಣೆ. ಆದರೆ ಎಲ್ಲವನ್ನೂ ಅಮ್ಮನ ತಲೆಗೆ ಕಟ್ಟಲಾರೆ. ಅವನ ಕಣ್ಣಿಗೆ ನಮ್ಮ ಮನೆ ಚೆನ್ನಾಗಿ ಕಾಣಲಿ ಎಂಬ ಆಸೆ ನನಗೇ ಇತ್ತು.

ನಮ್ಮ ಸಿನಿಮಾದ ನಾಯಕಿಯೂ ಏಟು ತಿಂದವಳೇ. ಕೊನೆಯಲ್ಲಿ ಸೂಟ್‌ಕೇಸ್ ಹಿಡಿದು ಬಾಗಿಲಿಗೆ ಬರುತ್ತಾಳೆ. ಗಂಡ ಹಿಂದಿನಿಂದ, "ಇನ್ನೊಂದೇ ಸಲ ನನ್ನ ನಂಬು" ಎನ್ನುತ್ತಾನೆ. ಇವನು ಎರಡು ಕ್ಲೈಮ್ಯಾಕ್ಸ್ ಬರೆದಿದ್ದ, ಎರಡನ್ನೂ ಶೂಟ್ ಮಾಡಿದ್ದರು. ಒಂದರಲ್ಲಿ ಅವಳು ಹೊರಟುಹೋಗುತ್ತಾಳೆ. ಇನ್ನೊಂದರಲ್ಲಿ ಸೂಟ್‌ಕೇಸ್ ಕೆಳಗಿಡುತ್ತಾಳೆ.

"ಯಾವುದು ಬೇಕು ಅಂತ ನೀನೇ ಹೇಳು ಕತ್ತರಿ. ಡೈರೆಕ್ಟರ್ ಕೂಡ ನಿನ್ನ ಮಾತು ಮೀರಲ್ಲ."

"ನಿನಗೆ ಯಾವುದು ಇಷ್ಟ?"

"ನನಗೆ ಇಷ್ಟ ಆಗಿದ್ದನ್ನೆಲ್ಲ ನೀನು ತೆಗೆದುಬಿಡ್ತೀಯ. ಅದಕ್ಕೇ ಹೇಳಲ್ಲ."

ನನ್ನದೊಂದು ಅಭ್ಯಾಸವಿತ್ತು. ಯಾವ ಸಿನಿಮಾ ಆದರೂ ಮೊದಲು ಅಕ್ಕನನ್ನು ಎಡಿಟಿಂಗ್ ರೂಮಿಗೆ ಕರೆದು ತೋರಿಸುತ್ತಿದ್ದೆ. ಪಕ್ಕದಲ್ಲಿ ಕೂತು ಪರದೆ ನೋಡದೆ ಅವಳ ಮುಖ ನೋಡುತ್ತಿದ್ದೆ. ಅವಳು ಆಕಳಿಸಿದ ಕಡೆ ಕತ್ತರಿಸುತ್ತಿದ್ದೆ, ಅವಳು ಅತ್ತ ಜಾಗದಲ್ಲಿ ಶಾಟನ್ನು ಇನ್ನಷ್ಟು ಎಳೆಯುತ್ತಿದ್ದೆ. ಒಂಬತ್ತು ಸಿನಿಮಾ ಹಾಗೇ ಮಾಡಿದ್ದೆ, ಒಂದೂ ಕೈಕೊಟ್ಟಿರಲಿಲ್ಲ.

ನಾಯಕಿ ಹೊರಟುಹೋಗುವುದನ್ನು ಅಕ್ಕ ಕಲ್ಲಿನ ಹಾಗೆ ಕೂತು ನೋಡಿದಳು. ಸೂಟ್‌ಕೇಸ್ ಕೆಳಗಿಟ್ಟಾಗ ಮಾತ್ರ ಅವಳ ಕಣ್ಣು ತುಂಬಿತು. ಎರಡು ವರ್ಷದಿಂದ ನಾನು ಕಾಣದ ಮುಖ ಅದು, ಎಲ್ಲೋ ದೀಪ ಹಚ್ಚಿದಂತಿತ್ತು. ನನಗೆ ಖುಷಿಯೋ ಖುಷಿ. ಆ ಶಾಟನ್ನು ನಾಲ್ಕು ಸೆಕೆಂಡ್ ಎಳೆದೆ. ಗಂಡನ ಒದ್ದೆ ಕಣ್ಣಿನ ಕ್ಲೋಸಪ್ ಸೇರಿಸಿದೆ, ಹೊಡೆದ ಅವನ ಕೈ ಕಾಣುವ ಶಾಟನ್ನು ತೆಗೆದುಹಾಕಿದೆ. ಮತ್ತೆ ತೋರಿಸಿದೆ. ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಇದೇ ಕೊನೆ ಎಂದು ಡೈರೆಕ್ಟರಿಗೆ ಆಗಲೇ ಫೋನ್ ಮಾಡಿದೆ.

ಸಿನಿಮಾ ಭರ್ಜರಿಯಾಗಿ ಓಡಿತು. ಥಿಯೇಟರಿನಲ್ಲಿ ಅಕ್ಕ ಅತ್ತ ಜಾಗದಲ್ಲೇ ಆರುನೂರು ಜನ ಅತ್ತರು. ಕತ್ತಲೆಯಲ್ಲಿ ಅವನು ನನ್ನ ಕಿರುಬೆರಳು ಹಿಡಿದುಕೊಂಡ. ಕಾಗದಗಳು ಬಂದವು. 'ನಿಮ್ಮ ಸಿನಿಮಾ ನೋಡಿ ಗಂಡನ ಮನೆಗೆ ವಾಪಸ್ ಬಂದೆ' ಎಂದು ಏಳು ಹೆಂಗಸರು ಬರೆದಿದ್ದರು. ಅವನ್ನು ಗಟ್ಟಿಯಾಗಿ ಓದಿಕೊಂಡು ಬೀಗಿದವರು ನಾವೇ. "ನೋಡಿದ್ಯಾ ಕತ್ತರಿ, ಏಳು ಮನೆ ಉಳಿಸಿದ್ವಿ. ಎಂಟನೇದು ನಮ್ಮದೇ ಮಾಡೋಣ್ವಾ?" ಎಂದು ಕೇಳಿದ. ಅದು ಅವನು ಮದುವೆಗೆ ಕೇಳಿದ ರೀತಿ. ನಾನು ಹೂಂ ಎಂದೆ.

ಅದೇ ವಾರ ಅಕ್ಕ ಬಟ್ಟೆ ಜೋಡಿಸಿಕೊಂಡಳು. ಭಾವ ಫೋನಿನಲ್ಲಿ ಅತ್ತನಂತೆ. ಅಮ್ಮನಿಗೆ ಎದೆಯ ಭಾರ ಇಳಿಯಿತು. ಅಕ್ಕನ ಬ್ಯಾಗನ್ನು ಬಸ್ಸಿನವರೆಗೆ ಹೊತ್ತುಕೊಂಡು ಹೋದವಳು ನಾನೇ.

ಐದು ವಾರದ ಮೇಲೆ ಅವಳ ಹೆಣ ನೋಡಿದೆ. ಮೆಟ್ಟಿಲಿನಿಂದ ಬಿದ್ದಳು ಎಂದ ಭಾವ. ಪೊಲೀಸರು ನಂಬಲಿಲ್ಲ, ಅವನೀಗ ಜೈಲಿನಲ್ಲಿದ್ದಾನೆ.

ನಿಜ ವಿಷಯ ಇವನಿಗೆ ಪೇಪರ್ ಓದಿ ಗೊತ್ತಾಯಿತು. ಆಮೇಲೆ ಎರಡು ತಿಂಗಳು ದಿನಾ ಬಂದ. ನಾನು ಅವನ ಮುಖ ನೋಡುತ್ತಿರಲಿಲ್ಲ. ನನ್ನ ಮೌನಕ್ಕೆ ಅವನು ತನ್ನದೇ ಅರ್ಥ ಕಟ್ಟಿಕೊಂಡ.

ಒಂದು ಮಧ್ಯಾಹ್ನ ಅಡುಗೆಮನೆಯ ಮೇಜಿನ ಆಚೆ ಕೂತು ಹೇಳಿದ. "ಬರೆಯೋದು ಬಿಟ್ಟೆ. ಒಪ್ಪಿಕೊಂಡಿದ್ದ ಸಿನಿಮಾನೂ ಬೇಡ ಅಂದೆ. ನನ್ನ ಕಥೆನೇ ಅಕ್ಕನ್ನ ಕೊಂದಿದ್ದು. ಬೈದಾದ್ರೂ ಬಿಡೇ."

ಸುಮ್ಮನಿದ್ದರೆ ಅವನು ಹಾಗೇ ನಂಬಿಕೊಂಡಿರುತ್ತಿದ್ದ, ಬದುಕಿಡೀ ನನ್ನೆದುರು ತಲೆ ತಗ್ಗಿಸಿಕೊಂಡಿರುತ್ತಿದ್ದ. ಹೇಳಿದರೆ ಅವನು ಕೈತಪ್ಪಿ ಹೋಗಬಹುದು. ಅಮ್ಮನನ್ನು ಬಿಟ್ಟರೆ ನನಗೆ ಉಳಿದಿದ್ದವನು ಅವನೊಬ್ಬನೇ.

ಹೇಳಿದೆ. ಅಕ್ಕನ ಮುಖ ನೋಡಿ ಕೊನೆ ಆರಿಸಿದ್ದನ್ನು, ನಾಲ್ಕು ಸೆಕೆಂಡನ್ನು, ತೆಗೆದುಹಾಕಿದ ಆ ಕೈಯನ್ನು, ಎಲ್ಲವನ್ನೂ ಹೇಳಿದೆ. "ನೀನು ಎರಡು ಬರೆದಿದ್ದೆ. ಆರಿಸಿದ್ದು ನಾನು. ಅವಳ ಪಕ್ಕೆಲುಬು ಮುರಿದಿದ್ದೂ ನನಗೆ ಗೊತ್ತಿತ್ತು. ಅವಳು ಸಿನಿಮಾ ನೋಡ್ತಾ ಇದಾಳೆ ಅಂದ್ಕೊಂಡಿದ್ದೆ. ಅವಳು ಮನಸ್ಸು ಗಟ್ಟಿ ಮಾಡ್ಕೊಳ್ತಾ ಇದ್ದಳು. ವಾಪಸ್ ಹೋಗೋಕೆ."

ಅವನು ಎದ್ದುಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನನ್ನದೂ ಒಂದಿದೆ," ಎಂದ. "ಆ ದಿನ ನೀನು ಡೈರೆಕ್ಟರ್ ಹತ್ರ ಫೋನಲ್ಲಿದ್ದೆ. ಅಕ್ಕ ಕಣ್ಣೊರೆಸಿಕೊಂಡು ಕಾರಿಡಾರಿಗೆ ಬಂದ್ರು. 'ಸಿನಿಮಾ ಮುಗಿದ ಮೇಲೆ ಅವನು ಮತ್ತೆ ಹೊಡೆಯಲ್ಲ ತಾನೇ?' ಅಂತ ಕೇಳಿದ್ರು."

"ನೀನು ಏನಂದೆ?"

"ಇಲ್ಲ ಅಕ್ಕ, ಪೂರ್ತಿ ಬದಲಾಗ್ತಾನೆ ಅಂದೆ. 'ಖಂಡಿತಾನಾ?' ಅಂದ್ರು. ನಾನೇ ಬರೆದಿರೋದು ಅಕ್ಕ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ ಅಂತ... ನಗ್ತಾ ಅಂದೆ ಕಣೇ. ನನಗೆ ಏನೂ ಗೊತ್ತಿರಲಿಲ್ಲ."

ಗೊತ್ತಿಲ್ಲದ ಹಾಗೆ ಮಾಡಿದ್ದು ನಾನು.

"ಅವಳು ಏನಂದಳು?"

"ಥ್ಯಾಂಕ್ಸ್ ಅಂದ್ರು."

ಇಬ್ಬರೂ ಅತ್ತೆವು. ನೋಡಿ ಹಿಗ್ಗುವವರು ಯಾರೂ ಇಲ್ಲದ, ಮೂಗು ಸುರಿಯುವ ಕೊಳಕು ಅಳು ಅದು. ಅವನು ಮೇಜು ಸುತ್ತಿ ಬಂದು ನನ್ನ ಕಾಲ ಬಳಿ ಕೂತ. ನನ್ನ ಕೈ ತಾನಾಗಿ ಅವನ ತಲೆಯ ಮೇಲೆ ಹೋಯಿತು. ಅವನ ಕೂದಲು, ಅವನ ಕಿವಿ, ನನಗೆ ಇಷ್ಟವಾದದ್ದೆಲ್ಲ ಅಲ್ಲೇ ಇತ್ತು. ಅವನನ್ನು ಅಷ್ಟು ಪ್ರೀತಿಸಿದ ಗಳಿಗೆ ಇನ್ನೊಂದಿಲ್ಲ.

"ನಾನು ನಿನ್ನ ಕ್ಷಮಿಸಿದೆ ಕತ್ತರಿ," ಎಂದ. "ನೀನೂ ನನ್ನ ಕ್ಷಮಿಸಿಬಿಡು. ಇಬ್ಬರೂ ಎಲ್ಲಾದ್ರೂ ದೂರ ಹೋಗಿ ಹೊಸದಾಗಿ ಶುರು ಮಾಡೋಣ."

ಎಷ್ಟು ಚೆಂದದ ಮಾತು! ಇದನ್ನು ಪರದೆಯ ಮೇಲೆ ಹೇಗೆ ತರಬೇಕು ಎಂದು ನನಗೆ ತಕ್ಷಣ ಹೊಳೆಯಿತು. ಎಲ್ಲಿ ಅವನ ಮುಖ, ಎಲ್ಲಿ ನನ್ನ ಕೈ, ಜನ ಎಲ್ಲಿ ಅಳುತ್ತಾರೆ ಎಂಬುದೆಲ್ಲ ಹೊಳೆಯಿತು. ಹಾಗೆ ಹೊಳೆದದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅಕ್ಕ ಸತ್ತದ್ದು ನಾವಿಬ್ಬರೂ ಒಂದಾಗಲಿ ಎಂದಲ್ಲ.

"ನಿನ್ನ ಪ್ರೀತಿಸ್ತೀನಿ," ಎಂದೆ. "ಆದ್ರೆ ಕ್ಷಮಿಸೋಕೆ ಆಗ್ತಿಲ್ಲ. ನಿನ್ನನ್ನೂ ಆಗ್ತಿಲ್ಲ, ನನ್ನನ್ನೂ ಆಗ್ತಿಲ್ಲ. ಆಗಿದೆ ಅಂತ ಸುಳ್ಳು ಹೇಳಲ್ಲ."

"ಮುಂದೆ ಯಾವತ್ತಾದ್ರೂ?"

"ಗೊತ್ತಿಲ್ಲ ಕಣೋ. ಗೊತ್ತಿಲ್ಲದೆ ಹೂಂ ಅನ್ನಲ್ಲ."

ಅವನು ಎದ್ದು, ನನ್ನ ಕೆನ್ನೆಯನ್ನು ಅಂಗೈಯಿಂದ ಒರೆಸಿ, ಚಪ್ಪಲಿ ಹಾಕಿಕೊಂಡ. ಹೋಗಬೇಡ ಎನ್ನಲಿಲ್ಲ ನಾನು. ಕರೆದಿದ್ದರೆ ಓಡಿ ಬರುತ್ತಿದ್ದ. ಅವನು ಬೀದಿಗಿಳಿದು ಮರೆಯಾಗುವವರೆಗೂ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದೆ.