ಹಣೆಪಟ್ಟಿಯ ಹಸಿರು ದೀಪ

"ಯವ್ವಾ, ನಾ ಕಸ್ತೂರಿ. ಇಳಕಲ್ಲಿಂದ ಬಂದೇನಿ," ಎಂದು ಮಗಳು ಕಿವಿಯ ಹತ್ತಿರ ಬಾಗಿ ಹೇಳಿದ ಕೂಡಲೇ ಗುರುಸಿದ್ದವ್ವನ ಹಣೆಗೆ ಕಟ್ಟಿದ ಪಟ್ಟಿಯಲ್ಲಿ ಅಕ್ಕಿಕಾಳಿನಷ್ಟು ಹಸಿರು ದೀಪ ಹೊತ್ತಿಕೊಂಡಿತು. ಎಚ್ಚರ ತಪ್ಪಿ ಮೂರು ದಿನವಾಗಿದ್ದ ಮುದುಕಿ ಮಗಳ ದನಿಯನ್ನು ಗುರುತಿಸಿದ್ದಳು. ಕೋಣೆಯಲ್ಲಿದ್ದವರೆಲ್ಲ ಅತ್ತರು. ಅಳು ಮುಗಿಯುವ ಮೊದಲೇ ಮುಂದಿನವರು ಸರದಿಗೆ ನಿಂತರು.

ಪಟ್ಟಿಯನ್ನು ಕಂಡುಹಿಡಿದ ಡಾಕ್ಟರ್ ಮಂದಾಕಿನಿ ಕೊಣ್ಣೂರ, ಅದು ಹೇಗೆ ಕೆಲಸ ಮಾಡುತ್ತದೆಂದು ನೋಡಲು ಬಂದು, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅದು 2058ನೆಯ ಇಸವಿ. ಔಷಧಿಯ ಕೈಮೀರಿದವರನ್ನು ಮನೆಗೆ ಕರೆತಂದು, ನೋವಿಲ್ಲದಂತೆ ನೋಡಿಕೊಂಡು ಕಳಿಸಿಕೊಡುವುದು ಅಷ್ಟು ಹೊತ್ತಿಗೆ ಊರೂರಿನ ರೂಢಿಯಾಗಿತ್ತು. ಮಿದುಳಿನ ವಿದ್ಯುತ್ ಅಲೆಗಳಿಂದ ನೋವನ್ನು ಅಳೆದು, ಎಷ್ಟು ಔಷಧಿ ಬೇಕೆಂದು ಮನೆಗೆ ಬರುವ ನರ್ಸಿಗೆ ತಿಳಿಸುವುದು ಪಟ್ಟಿಯ ಮೂಲ ಕೆಲಸ. ದೀಪ ಮಾತ್ರ ಮಂದಾಕಿನಿಯವರ ಸ್ವಂತ ಆಸೆ. ಪರಿಚಿತ ಸದ್ದು ಕಿವಿಗೆ ಬಿದ್ದರೆ, ಎಚ್ಚರ ತಪ್ಪಿದವರ ಮಿದುಳಿನಲ್ಲೂ ಅರೆ ಸೆಕೆಂಡಿನೊಳಗೆ ಬೇರೆಯದೇ ಒಂದು ಅಲೆ ಏಳುತ್ತದೆ. ಆಗ ದೀಪ ಹೊತ್ತುತ್ತದೆ. ಮಂದಾಕಿನಿಯವರ ತಂದೆ ಸಾಯುವಾಗ ನೆಂಟರು ಮಂಚದ ಪಕ್ಕದಲ್ಲೇ ನಿಂತು ಮಣ್ಣು ಮಾಡುವ ಏರ್ಪಾಟು ಮಾತಾಡಿದ್ದರು. ಇನ್ನೊಂದು ಮನೆಯಲ್ಲಿ ಹಾಗಾಗಬಾರದೆಂದು ದೀಪ ಇಟ್ಟರು. ಜನ ಪಟ್ಟಿಗೆ ಮುಗಿಬಿದ್ದದ್ದೂ ದೀಪಕ್ಕಾಗಿಯೇ.

ಗುರುಸಿದ್ದವ್ವ ಗದಗಿನ ಬಸ್ ನಿಲ್ದಾಣದ ಹಿಂದೆ ನಲವತ್ತು ವರ್ಷ ಖಾನಾವಳಿ ನಡೆಸಿದವಳು. ಮಗ ಫಕೀರಪ್ಪ ಅವಳ ಪಕ್ಕದಲ್ಲಿ, ಒಲೆಯ ಮುಂದೆಯೇ ಬೆಳೆದವನು. ಯಂತ್ರಗಳು ಗಂಟೆಗೆ ಸಾವಿರ ರೊಟ್ಟಿ ಉದುರಿಸುವ ಕಾಲದಲ್ಲೂ ತಾಯಿ ಮಗ ಕೈಯಿಂದಲೇ ಬಡಿಯುತ್ತಿದ್ದರು. ಮಾತೆಂದರೆ ಅವನಿಗೆ ಆಗದು. ಉಪ್ಪು ಬೇಕಾದರೆ ಕೈಚಾಚಿ ತೆಗೆದುಕೊಳ್ಳುವನೇ ಹೊರತು ಕೇಳುವವನಲ್ಲ. ಎರಡು ವರ್ಷದಿಂದ ತಾಯಿಗೆ ಮೈ ತೊಳೆಯುವುದು, ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು ಎಲ್ಲ ಅವನದೇ. ಅದೂ ತುಟಿ ಬಿಚ್ಚದೆ.

ಸಾಯುವವರ ಬಾಯಿಗೆ ನೀರು ಬಿಡುವ ಮುಂಚೆ ತಾನು ಯಾರೆಂದು ಹೇಳುವುದು ಆ ಮನೆಯ ಪದ್ಧತಿ. ಈಗ ಅದರ ಜೊತೆಗೆ ದೀಪ ನೋಡುವುದೂ ಸೇರಿತ್ತು. ಕಸ್ತೂರಿಯ ಗಂಡನಿಗೆ ಹೊತ್ತಿತು. ದಿನಾ ಹಾಲು ಹಾಕುವವನಿಗೂ ಹೊತ್ತಿತು. ಕಡೆಗೆ ಫಕೀರಪ್ಪನನ್ನು ಮುಂದಕ್ಕೆ ನೂಕಿದರು.

"ಯವ್ವಾ, ನಾನು," ಎಂದ. ದೀಪ ಹೊತ್ತಲಿಲ್ಲ. ಜೋರಾಗಿ ಹೇಳೆಂದಳು ತಂಗಿ ಕಸ್ತೂರಿ. "ಯವ್ವಾ, ನಾ ಫಕೀರಪ್ಪ." ಆಗಲೂ ಹೊತ್ತಲಿಲ್ಲ.

ಕಸ್ತೂರಿಯ ಗಂಡ, ಮಗನ ಮೇಲೆ ಅತ್ತೆಗೆ ಏನೋ ಸಿಟ್ಟಿರಬೇಕು ಎಂದ. ಫಕೀರಪ್ಪ ನೀರು ಬಿಡದೆ ಚಮಚವನ್ನು ಬಟ್ಟಲಲ್ಲಿಟ್ಟು ಅಡುಗೆಮನೆಗೆ ಹೋದ. ಮಂದಾಕಿನಿಯವರಿಗೆ ಸಂಕಟವಾಯಿತು. ಹಿಂದೆಯೇ ಹೋಗಿ, ಯಂತ್ರವೂ ತಪ್ಪಬಹುದು ಎಂದರು.

"ಹಾಲಿನವಗ ತಪ್ಪಲಿಲ್ಲಲ್ರೀ ಅಕ್ಕಾರ," ಎಂದ ಅವನು. "ಈ ದೀಪ ಇರಲಿಲ್ಲಂದ್ರ, ಅವ್ವಗ ನನ್ನ ಗುರುತ ಐತಿ ಅಂತ ತಿಳಕೊಂಡ ಇರತಿದ್ದೆ."

ಮನೆ ತುಂಬ ನೆಂಟರು, ಮಧ್ಯಾಹ್ನದ ಊಟವಾಗಬೇಕು. ಅವನು ಜೋಳದ ಹಿಟ್ಟು ನಾದತೊಡಗಿದ. ಮಂದಾಕಿನಿ ಕೋಣೆಗೆ ಮರಳಿದರು. ಅಲ್ಲಿ ದೂರದ ನೆಂಟರು, ಯಾವ ಹೊತ್ತಿಗೆ ಮಣ್ಣು, ಯಾರ್‍ಯಾರಿಗೆ ಹೇಳಿಕಳಿಸಬೇಕು ಎಂದು ಶುರುಹಚ್ಚಿಕೊಂಡಿದ್ದರು. ದೀಪ ಆರಿದೆ, ಮುದುಕಿಗೆ ಕೇಳಿಸುವುದಿಲ್ಲ ಎಂಬ ಧೈರ್ಯ. ಯಾವುದನ್ನು ತಡೆಯಲೆಂದು ಅವರು ದೀಪ ಇಟ್ಟಿದ್ದರೋ ಅದಕ್ಕೇ ದೀಪ ಅಪ್ಪಣೆ ಕೊಟ್ಟಿತ್ತು.

ಆಗ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬಂತು. ಮೂರು ಬಡಿತ, ಒಂದು ಸುತ್ತು, ಮತ್ತೆ ಮೂರು ಬಡಿತ. ಹಸಿರು ದೀಪ ಹೊತ್ತಿತು. ರೊಟ್ಟಿಯನ್ನು ಹೆಂಚಿಗೆ ಹಾಕಲು ಅವನು ನಿಲ್ಲಿಸಿದಾಗ ಆರಿತು. ಮುಂದಿನ ರೊಟ್ಟಿಗೆ ಮತ್ತೆ ಹೊತ್ತಿತು. ಮಣ್ಣಿನ ಮಾತು ಅಲ್ಲಿಗೇ ನಿಂತಿತು.

ಕಸ್ತೂರಿ ಓಡಿಹೋಗಿ ಹಲಗೆಯನ್ನೂ ಹಿಟ್ಟನ್ನೂ ಎತ್ತಿಕೊಂಡು ಬಂದು ಮಂಚದ ಪಕ್ಕದಲ್ಲಿಟ್ಟಳು. ಏನೂ ತಿಳಿಯದೆ ಹಿಂದೆ ಬಂದ ಫಕೀರಪ್ಪ ಕೂತು ಬಡಿದ. ತಲೆಯೆತ್ತಿ ದೀಪ ನೋಡಿದ. ತಾಯಿ ಎಂದೂ ಸರಿಯಾಗಿ ಕೇಳಿರದ ಮಗನ ದನಿಯನ್ನು ಗುರುತಿಸು ಎಂದರೆ ಹೇಗೆ ಗುರುತಿಸಿಯಾಳು? ಅವನ ಕಣ್ಣಿಂದ ನೀರಿಳಿಯಿತು, ಕೈ ನಿಲ್ಲಲಿಲ್ಲ.

"ಯಾರ ಬಡದ್ರೂ ಹತ್ತತೈತೇನೋ," ಎಂದ ಕಸ್ತೂರಿಯ ಗಂಡ. "ನೀನೂ ಒಂದ ಬಡದ ನೋಡ ಕಸ್ತೂರಿ."

ವಿಜ್ಞಾನಿ ಕೇಳಬೇಕಾದ ಪ್ರಶ್ನೆಯೇ ಅದು. ಮಂದಾಕಿನಿಯವರಿಗೂ ಉತ್ತರ ಬೇಕಿತ್ತು, ಬಹಳ ಬೇಕಿತ್ತು. ಆದರೂ ಎದ್ದು ಹೋಗಿ ದೀಪದ ಗುಂಡಿ ಒತ್ತಿ ಆರಿಸಿದರು. "ಪರೀಕ್ಷಾ ಸಾಕ್ರಿ. ಅವರು ಬಡೀಲಿ," ಎಂದರು.

ಗುರುಸಿದ್ದವ್ವ ಸಂಜೆ ಹೋದಳು. ಅದಕ್ಕೆ ಮೊದಲು ಫಕೀರಪ್ಪ ಹಿಟ್ಟಿನ ಕೈ ತೊಳೆದು ಬಂದು ನೀರು ಬಿಟ್ಟ. ಹೆಸರು ಹೇಳಲಿಲ್ಲ.

ಮರುವರ್ಷ ಬಂದ ಪಟ್ಟಿಗಳಲ್ಲಿ ನೋವಿನ ಅಳತೆಯಷ್ಟೇ ಇತ್ತು, ದೀಪವಿರಲಿಲ್ಲ. ತಯಾರಕರು ಕೂಗಾಡಿದರು. ಮಂದಾಕಿನಿ ಜಗ್ಗಲಿಲ್ಲ. ಜನ ಮೊದಮೊದಲು ಗೊಣಗಿದರು; ಆಮೇಲೆ ಕೇಳಿಸುತ್ತದೋ ಇಲ್ಲವೋ ತಿಳಿಯದೆ, ಮಂಚದ ಬಳಿಯೇ ಕಾಳು ಆರಿಸುತ್ತ, ಬಟ್ಟೆ ಮಡಿಸುತ್ತ, ಮಾತಾಡುತ್ತ ಕೂರತೊಡಗಿದರು. ಇಷ್ಟೆಲ್ಲ ಸುತ್ತಿ ಅವರು ಬಂದು ನಿಂತದ್ದು ಇವತ್ತು ನಾವು ನಿಂತಿರುವ ಜಾಗಕ್ಕೇ. ನಮ್ಮ ಮನೆಯಲ್ಲಿ ಮಲಗಿದವರ ಹಣೆಯ ಮೇಲೂ ದೀಪವಿಲ್ಲ, ಅವರು ಯಾವ ಸದ್ದಿಗೆ ಕಿವಿಗೊಟ್ಟಿದ್ದಾರೆಂದು ನಮಗೂ ಗೊತ್ತಿಲ್ಲ.