ಎರಡು ಸೀಟಿನ ಸೈಕಲ್

ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಹಾಲು ತರಲು ಕೆಳಗಿಳಿದೆ. ವಿಜಯನಗರದ ನಮ್ಮ ಬೀದಿ ಎಂದಿನಂತೆಯೇ ಇತ್ತು. ಮೆಟ್ಟಿಲ ಕೆಳಗೆ, ನನ್ನ ಸ್ಕೂಟರಿನ ಹಿಂದೆ, ಟಾರ್ಪಾಲಿನ್ ಹೊದ್ದ ಏನೋ ಉದ್ದನೆಯದು ನಿಂತಿತ್ತು. ಎತ್ತಿ ನೋಡಿದೆ. ಕೆಂಪು ಸೈಕಲ್. ಎರಡು ಸೀಟು, ಎರಡು ಹ್ಯಾಂಡಲ್, ಎರಡು ಜೊತೆ ಪೆಡಲ್. ಫಳಫಳ ಹೊಳೆಯುತ್ತಿತ್ತು.

ಮೆಟ್ಟಿಲ ಮೇಲೆ ಕುಳಿತೆ.

ಕೆಳಮನೆಯ ಭಾಗ್ಯಮ್ಮ ಪೊರಕೆ ಹಿಡಿದು ಬಂದರು. "ಅಯ್ಯೋ, ನೋಡ್ಬುಟ್ಯಾ? ವಾಗೀಶಪ್ಪ ತಂದು ನಿಲ್ಸಿದ್ದು ಕಣಮ್ಮ. ಭಾನುವಾರ ನಾನೇ ತೋರಿಸ್ತೀನಿ, ಅಲ್ಲೀವರೆಗೆ ಲಾಸ್ಯಂಗೆ ಹೇಳ್ಬೇಡಿ ಅಂದಿದ್ರು. ಆ ಭಾನುವಾರ ಬರ್ಲೇ ಇಲ್ವಲ್ಲ..."

ಶುಕ್ರವಾರ ಸಂಜೆ ಕಡಕೊಳದ ಕೆಲಸದಿಂದ ಬರುವಾಗ ನನ್ನ ಗಂಡನ ಬೈಕಿಗೆ ಲಾರಿ ಬಡಿದಿತ್ತು.

ಭಾಗ್ಯಮ್ಮ ಅತ್ತರು. ನನಗೆ ಹೆದರಿಕೆಯಾಯಿತು.

ವಾಗೀಶನ ಕೈಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ. ಚೆಂದ ಕಂಡದ್ದನ್ನೆಲ್ಲ ಕೊಳ್ಳುತ್ತಿದ್ದ. ಡ್ರೋನ್, ಕಾಫಿ ಮಷೀನ್, ನಾನು ಉಡದ ಸೀರೆಗಳು. ಹೋದ ವರ್ಷ ನನಗೆ ಹೇಳದೆ ಆ್ಯಪಿನಲ್ಲಿ ಸಾಲ ಮಾಡಿದ್ದ. ವಸೂಲಿಯವರು ಬಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದರು. ನನ್ನ ಬಳೆ ಮಾರಿ ತೀರಿಸಿದೆವು. ಅಂದಿನಿಂದ ಇಬ್ಬರ ಸಂಬಳವೂ ಒಂದೇ ಖಾತೆಗೆ, ಖರ್ಚಿನ ಮೆಸೇಜ್ ನನ್ನ ಫೋನಿಗೆ. ದೊಡ್ಡದೇನು ಕೊಳ್ಳುವುದಿದ್ದರೂ ಇಬ್ಬರೂ 'ಹೂಂ' ಅನ್ನಬೇಕು.

ಆ 'ಹೂಂ' ಕೇಳಲು ಅಡುಗೆಮನೆ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದ.

"ಫೈನಾನ್ಸ್ ಮೇಡಂ, ಬಿಡುವಿದ್ಯಾ?"

"ಇಲ್ಲ."

"ಎರಡು ಸೀಟಿನ ಸೈಕಲ್ ನೋಡ್ದೆ. ನಾನು ಮುಂದೆ, ನೀನು ಹಿಂದೆ. ಹಂಗೇ ಕುಕ್ಕರಹಳ್ಳಿ ಕೆರೆ ಕಡೆ..."

"ಕೆರೆಗೆ ನಡ್ಕೊಂಡು ಹೋದ್ರೆ ಫ್ರೀ ಕಣೋ."

"ನಡೆಯುವಾಗ ನೀನು ನನ್ನ ಬಿಟ್ಟು ಮುಂದೆ ಹೋಗ್ಬುಡ್ತೀಯ."

ಓರೆಗಣ್ಣಲ್ಲಿ ನೋಡಿದ. ಆ ನೋಟಕ್ಕೆ ಸೋತರೆ ಮನೆ ನಡೆಯುವುದಿಲ್ಲವೆಂದು ಅವನ ಮೂಗಿಗೆ ಚಪಾತಿ ಹಿಟ್ಟು ಹಚ್ಚಿದೆ. 'ಹೂಂ' ಅನ್ನಲಿಲ್ಲ. ಹಿಟ್ಟು ಒರೆಸಿಕೊಳ್ಳದೆಯೇ, "ಸಾಲ ಮಾಡಲ್ಲ ಮಾರಾಯ್ತಿ, ಆಣೆ," ಎಂದು ನನ್ನ ತಲೆಯ ಮೇಲೆ ಕೈಯಿಟ್ಟಿದ್ದ.

ಈಗ ಸೈಕಲ್ ನಿಂತಿತ್ತು.

ಮೇಲೆ ಹೋಗಿ ಖಾತೆ ನೋಡಿದೆ. ಅದಕ್ಕೆಂದು ಏನೂ ಖರ್ಚಾಗಿರಲಿಲ್ಲ. ಹೆದರಿಕೆ ಇನ್ನೂ ಹೆಚ್ಚಿತು. ಖಾತೆಯಿಂದ ಹೋಗದಿದ್ದರೆ ಮತ್ತೆಲ್ಲಿಂದ? ವಸೂಲಿಯವರು ಮತ್ತೆ ಬಂದರೆ ಹೇಗೋ ತಡೆದುಕೊಂಡೇನು. ತಲೆಯ ಮೇಲೆ ಕೈಯಿಟ್ಟು ಅವನು ಸುಳ್ಳು ಹೇಳಿದ್ದರೆ, ಈಗ ಯಾರ ಜೊತೆ ಜಗಳವಾಡಲಿ?

ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಎತ್ತಲಿಲ್ಲ. ಚಿಲಕ ಹಾಕಿದೆಯೇ ಎಂದು ನೋಡಿ ಬಂದೆ. ಮತ್ತೆ ಬಂತು. ಎತ್ತಿದೆ.

"ವಾಗೀಶ್ ಅವರ ಮನೆಯವರಾ? ಅವರ ಫೋನ್ ಸ್ವಿಚ್ ಆಫ್ ಬರ್ತಿದೆ. ನಿಮ್ಮ ನಂಬರೂ ಕೊಟ್ಟಿದ್ರು. ಸೈಕಲ್ ವಿಚಾರ."

"ಎಷ್ಟು ಕೊಡಬೇಕು?"

"ಕೊಡೋದೇನಮ್ಮ! ನಾನು ಸಿದ್ದಲಿಂಗಸ್ವಾಮಿ, ಯಾದವಗಿರಿ. ಸೈಕಲ್ ನಮ್ಮದೇ. ನಾನೂ ನಮ್ಮನೆಯವಳೂ ಓಡಿಸ್ತಿದ್ವಿ. ದಾರೀಲಿ ನಿಲ್ಲಿಸಿ ಕೇಳಿದ್ರು, ಒಂದು ಭಾನುವಾರಕ್ಕೆ ಕೊಡ್ತೀರಾ ಸಾರ್ ಅಂತ. ಹೊಸದೇ ತಗೊಳ್ರೀ, ಅಂಗಡಿ ತೋರಿಸ್ತೀನಿ ಅಂದೆ. 'ಬೇಡ ಸಾರ್, ಕೊಂಡ್ರೆ ನನ್ನ ಹೆಂಡ್ತಿ ಹೆದರ್ಕೊಳ್ತಾಳೆ. ಅವಳು ಹೆದರದೆ ನಗೋದನ್ನ ನೋಡ್ಬೇಕು ನಂಗೆ' ಅಂದ್ರು. ಹಂಗಂದ್ಮೇಲೆ ಇಲ್ಲ ಅನ್ನೋಕಾಗುತ್ತಾ? ಈಗ ಮೊಮ್ಮಗಳು ಬಂದವ್ಳೆ, ಸೈಕಲ್ ಎಲ್ಲಿ ಅಂತ ಪ್ರಾಣ ತಿಂತಾಳೆ."

ಗೋಡೆಗೆ ಒರಗಿದೆ. ವಾಗೀಶ ತೀರಿಕೊಂಡದ್ದನ್ನು ಹೇಳಿದೆ.

"ಇರ್ಲಿ ಬಿಡಮ್ಮ. ಆಮೇಲೆ ಯಾವಾಗ್ಲಾದ್ರೂ ನಾನೇ..."

"ಇಲ್ಲ ಸರ್. ನಾನೇ ತರ್ತೀನಿ."

ಕೆಳಗಿಳಿದು ಮುಂದಿನ ಸೀಟಿನಲ್ಲಿ ಕುಳಿತೆ. ಕಾಲೇಜು ಬಿಟ್ಟ ಮೇಲೆ ಸೈಕಲ್ ಮುಟ್ಟಿರಲಿಲ್ಲ. ಭಾಗ್ಯಮ್ಮ ಹಿಂದಿನ ಸೀಟು ಹಿಡಿದು ತಳ್ಳಿದರು. "ಹುಷಾರು ಕಣವ್ವ."

ನಾನು ತುಳಿದಂತೆಲ್ಲ ಹಿಂದಿನ ಪೆಡಲ್‌ಗಳೂ ಜೊತೆಗೇ ತಿರುಗುತ್ತಿದ್ದವು. ಆ ಸದ್ದು ಬೆನ್ನ ಹಿಂದೆಯೇ ಬರುತ್ತಿತ್ತು. ತಿರುವಿನಲ್ಲಿ ಬೀಳುತ್ತೇನೆ ಅನ್ನಿಸಿತು, ಬೀಳಲಿಲ್ಲ. ಹಿಂದೆ ನೋಡಬೇಕೆನ್ನಿಸಿತು, ನೋಡಲಿಲ್ಲ. ಇಳಿಜಾರಿನಲ್ಲಿ ಗಾಳಿ ಮುಖಕ್ಕೆ ಹೊಡೆದಾಗ, ಅಷ್ಟು ದಿನ ಬಾರದ ಅಳು ಬಂತು. ಒರೆಸಿಕೊಳ್ಳಲು ಹ್ಯಾಂಡಲ್ ಬಿಡುವಂತಿರಲಿಲ್ಲ.

ಯಾದವಗಿರಿಯಲ್ಲಿ ಸಿದ್ದಲಿಂಗಸ್ವಾಮಿಯವರು ಗೇಟಿನಲ್ಲೇ ಕಾಯುತ್ತಿದ್ದರು. ನನ್ನ ಮುಖ ನೋಡಿ, ಬೇರೇನೂ ತೋಚದೆ, ತಡವರಿಸುತ್ತ ಕೇಳಿದರು: "ಒಂದು ರೌಂಡಾದ್ರೂ ಹೋಗಿದ್ರೇನಮ್ಮ, ಇಬ್ರೂ?"

"ಈಗ ತಾನೇ ಬಂದ್ವಿ ಸರ್."

ಹ್ಯಾಂಡಲನ್ನು ಅವರ ಕೈಗೆ ಕೊಟ್ಟೆ. ಬೆರಳು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.