ನಾಳೆ ಬೆಳಗಿನ ಮೊಗ್ಗುಗಳು

'ಓದಿದ್ದಾನೆಯೇ? ಓದಿದ್ದರೆ ಒಂದು ಮಾತಾದರೂ ಆಡಬಾರದೇ...? ಅಥವಾ ನಾನು ಹೋಗುವುದೇ ಅವನಿಗೆ ಬೇಕಾಗಿದೆಯೇ?'

ಗದ್ವಾಲದ ಬಳಿಯ ಐಜ ಊರಿನ ಹತ್ತಿ ಬೀಜದ ಹೊಲಕ್ಕೆ ಇಳಿಯುವಾಗ ಗಂಗಾಂಬಿಕಾಳ ತಲೆಯಲ್ಲಿ ಇದೇ ಓಡುತ್ತಿತ್ತು.

ಮಕ್ತಲದ ಈ ಹುಡುಗಿ ಹತ್ತಿ ತಳಿಗಳ ವಿಜ್ಞಾನಿ. ಬಿಡುವಿನಲ್ಲಿ ವೈಜ್ಞಾನಿಕ ಕಥೆ ಬರೆಯುತ್ತಾಳೆ. ಹೊಲ ಚಂದ್ರಕಾಂತನದು. ಅವಳ ಹೊಸ ತಳಿಯ ಕೆಲಸ ಎರಡು ವರ್ಷದಿಂದ ಅಲ್ಲೇ ನಡೆದಿತ್ತು.

ಹೊಸ ಕಥೆಯಲ್ಲಿ ಅವಳು ಮಂಗಳ ಗ್ರಹದ ಮೇಲೆ ಹತ್ತಿ ಬೆಳೆಸಿದ್ದಳು. ಅಲ್ಲಿನ ರೈತ ಮಾತು ಕಡಿಮೆಯವನು. ಕೊನೆಗೆ ವಿಜ್ಞಾನಿ ನೌಕೆಯೇರಿ ಹೊರಟುಹೋಗುತ್ತಾಳೆ. ಕಥೆಯನ್ನು ಅವಳೇ ಚಂದ್ರಕಾಂತನ ಫೋನಿಗೆ ಕಳಿಸಿದ್ದಳು. ಅಂದಿನಿಂದ ಅವನು ಅವಳ ಮುಖ ನೋಡಿ ಮಾತಾಡಿಲ್ಲ.

ಹೈದರಾಬಾದಿನಿಂದ ದೊಡ್ಡ ಹುದ್ದೆಗೆ ಕರೆ ಬಂದಿತ್ತು. ಬೇಡವೆಂದರೆ ಗದ್ವಾಲದಲ್ಲೇ ಇರಬಹುದು. ನಾಳೆ ಉತ್ತರ ಹೇಳಬೇಕು. ಇಂದು ರಾತ್ರಿಯ ಹೈದರಾಬಾದ್ ರೈಲಿಗೆ ಟಿಕೆಟ್ಟೂ ಇತ್ತು. ಇದೆಲ್ಲ ಚಂದ್ರಕಾಂತನಿಗೂ ಗೊತ್ತಿತ್ತು.

"ಬರ್ರಿ ಮೇಡಮ್ಮ! ಈ ಚಂದ್ರಗ ತಲಿ ಕೆಟ್ಟೈತಿ," ಕೂಲಿಯ ಕಿಷ್ಟಮ್ಮ ಕೂಗಿದಳು. "ನಾವ್ ಇರೋರು ಮೂರು ಮಂದಿ. ಇವ ಇಡೀ ಹೊಲಕ್ಕ ಕೆಂಪು ಕಾಗದ ಸಿಗಿಸ್ಯಾನ!"

ಗಂಗಾಂಬಿಕಾ ನಿಂತುಬಿಟ್ಟಳು. ಸಂಜೆ ಮೊಗ್ಗಿನ ಕೇಸರ ತೆಗೆದು ಕೆಂಪು ಕಾಗದ ಸಿಗಿಸಿದರೆ, ಮರುದಿನ ಬೆಳಿಗ್ಗೆಯೇ ಗಂಡು ಹೂವಿನ ಪರಾಗ ಮುಟ್ಟಿಸಬೇಕು. ತಪ್ಪಿದರೆ ಉದುರಿಹೋಗುತ್ತದೆ. ಎಷ್ಟು ಕೈಗಳಿವೆಯೋ ಅಷ್ಟೇ ಮೊಗ್ಗು. ಇದು ಇಲ್ಲಿ ಮಕ್ಕಳಿಗೂ ಗೊತ್ತು.

"ಏನ್ ಮಾಡೀರಿ ಚಂದ್ರಕಾಂತ್! ಇವಕ್ಕೆಲ್ಲ ನಾಳೆ ಪರಾಗ ಯಾರ್ ಹಚ್ಚಬೇಕ್ರಿ?"

ಅವನು ಕೈಯ ಹಳದಿ ಧೂಳು ಒರೆಸಿಕೊಂಡ. "ನಿಮ್ ಕಥಿ ಓದೀನ್ರಿ."

"...ಮತ್ತ?"

"ಆಕಿ ಯಾಕ ಹೋದಳ್ರಿ?"

"ಯಾರೂ 'ಇರು' ಅನ್ನಲಿಲ್ಲ. ಅದಕ್ಕ."

ಅವನು ಬಗ್ಗಿ ಇನ್ನೊಂದು ಮೊಗ್ಗಿಗೆ ಕೆಂಪು ಕಾಗದ ಸಿಗಿಸಿದ.

'ಅಯ್ಯೋ... ನನ್ನನ್ನು ಉಳಿಸಿಕೊಳ್ಳುವುದಕ್ಕೇನಾ ಇಷ್ಟೆಲ್ಲ ಕೆಂಪು ಕಾಗದ!'

"ನಾ ಬಂದ್ರೂ ಇಷ್ಟು ಮುಗಿಯಂಗಿಲ್ಲ," ಎಂದಳು.

"ಮುಗೀಲಿಲ್ಲಂದ್ರ ನಷ್ಟ ನಂದ್ರಿ."

"ಇಬ್ಬರೂ ಹಿಂಗ ನಿಂತ್ರ ಕತ್ತಲಾಗ್ತೈತಿ!" ಎಂದಳು ಕಿಷ್ಟಮ್ಮ.

ಗಂಗಾಂಬಿಕಾ ಫೋನು ತೆಗೆದು ಟಿಕೆಟ್ಟು ರದ್ದು ಮಾಡಿದಳು. ಅವನು ನೋಡುತ್ತಿದ್ದ.

"ಬೆಳಿಗ್ಗೆ ಯಾವಾಗ ಬರಲಿ?"

"ಇಬ್ಬನಿ ಆರಿದ ಮ್ಯಾಲ ಬರ್ರಿ. ಚಾ ತರ್ತೀನಿ."

"ನಾಡಿದ್ದು?"

"ನಾಡಿದ್ದೂ ತರ್ತೀನ್ರಿ... ದಿನಾ ತರ್ತೀನಿ."

ಮರುದಿನ ಕೈ ಸಾಲದೆ ಉಳಿದ ಅರ್ಧ ಮೊಗ್ಗುಗಳು ಆಮೇಲೆ ಉದುರಿದವು. ಅವನು ಬೇಸರಪಟ್ಟುಕೊಳ್ಳಲಿಲ್ಲ.

'ಇರು' ಎಂಬ ಮಾತನ್ನು ಮಾತ್ರ ಅವನು ಅವತ್ತು ಹೇಳಲಿಲ್ಲ. ಮದುವೆಯಾದ ಮೇಲೂ ಹೇಳಲಿಲ್ಲ.